ಹುಸಿ ನೆನಪು

ಹುಸಿ ನೆನಪು: ನಡೆಯದ ಸಂಗತಿಯನ್ನು ನಡೆದದ್ದೆಂದು, ಇಲ್ಲವೆ ನಡೆದದ್ದನ್ನು ಬೇರೆಯೇ ರೀತಿಯಲ್ಲಿ ನಡೆದದ್ದೆಂದು, ಯಾರನ್ನೂ ವಂಚಿಸುವ ಉದ್ದೇಶವಿಲ್ಲದೆ ನಂಬಿ ನೆನೆಯುವುದು. ಸುಳ್ಳುಗಾರನಿಗೆ ತನ್ನ ಮಾತು ಸುಳ್ಳೆಂದು ಗೊತ್ತಿರುತ್ತದೆ. ಮರೆತವನಿಗೆ ಏನೋ ಕೈತಪ್ಪಿದೆ ಎಂಬ ಅರಿವಾದರೂ ಇರುತ್ತದೆ. ಹುಸಿ ನೆನಪುಳ್ಳವನಿಗೆ ಈ ಎರಡೂ ಇಲ್ಲ. ಅವನ ಮಟ್ಟಿಗೆ ಅದು ಉಳಿದೆಲ್ಲ ನೆನಪುಗಳಂತೆಯೇ ಒಂದು ನೆನಪು. ಮಕ್ಕಳ ಬುದ್ಧಿವಿಕಾಸದ ಅಧ್ಯಯನದಿಂದ ಹೆಸರಾದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತಮ್ಮ ಬಾಲ್ಯದ್ದೇ ಒಂದು ನಿದರ್ಶನವನ್ನು ಬರೆದಿಟ್ಟಿದ್ದಾರೆ. ಅವರು ಎರಡು ವರ್ಷದ ಕೂಸಾಗಿದ್ದಾಗ ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯಲ್ಲಿ ದಾದಿ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳಂತೆ. ಒಬ್ಬ ಬಂದು ಮಗುವನ್ನು ಎತ್ತಿಕೊಳ್ಳಲು ನೋಡಿದ, ದಾದಿ ಅಡ್ಡ ನಿಂತಳು, ಅವಳ ಮುಖ ಗೀರಿತು, ಗಿಡ್ಡ ಮೇಲಂಗಿ ತೊಟ್ಟು ಬಿಳಿ ದಂಡ ಹಿಡಿದ ಪೊಲೀಸ್ ಬಂದೊಡನೆ ಅವನು ಓಡಿಹೋದ. ದಾದಿಯ ಮುಖದ ಗೀರುಗಳೂ ಸೇರಿದಂತೆ ಆ ದೃಶ್ಯವೆಲ್ಲ ಪಿಯಾಜೆಗೆ ಕಣ್ಣಿಗೆ ಕಟ್ಟಿದಂತಿತ್ತು. ಅವರಿಗೆ ಸುಮಾರು ಹದಿನೈದು ವರ್ಷವಾದಾಗ ಆ ದಾದಿಯಿಂದ ಮನೆಗೆ ಕಾಗದ ಬಂತು: ಕಥೆಯನ್ನು ತಾನೇ ಕಟ್ಟಿದ್ದು, ಗೀರುಗಳನ್ನು ತಾನೇ ಮಾಡಿಕೊಂಡದ್ದು. ಬಹುಮಾನವಾಗಿ ಕೊಟ್ಟಿದ್ದ ಗಡಿಯಾರವನ್ನೂ ಅವಳು ಹಿಂದಿರುಗಿಸಿದ್ದಳು. ದೊಡ್ಡವರ ಬಾಯಲ್ಲಿ ಕೇಳಿದ್ದ ಕಥೆ ಮಗುವಿನ ಮನಸ್ಸಿನಲ್ಲಿ ಕಂಡ ದೃಶ್ಯವಾಗಿತ್ತು.

ಇಂಥವನ್ನು ನೆನಪಿನ ಯಂತ್ರ ಕೆಟ್ಟದ್ದರ ಫಲವೆಂದು ಭಾವಿಸುವುದು ವಾಡಿಕೆ. ಕಳೆದ ಸುಮಾರು ನೂರು ವರ್ಷಗಳ ಸಂಶೋಧನೆ ಬೊಟ್ಟುಮಾಡುವುದು ಬೇರೆ ಕಡೆಗೆ. ಯಾವ ಕೆಲಸಗಳಿಂದ ನೆನಪು ಬದುಕಿಗೆ ಉಪಯುಕ್ತವಾಗುತ್ತದೆಯೋ ಅವೇ ಕೆಲಸಗಳು ಹುಸಿ ನೆನಪನ್ನೂ ಹುಟ್ಟಿಸುತ್ತವೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ ತಮ್ಮ 1932ರ ಗ್ರಂಥದಲ್ಲಿ ಈ ವಾದಕ್ಕೆ ತಳಪಾಯ ಹಾಕಿದರು. ಅದಕ್ಕೆ ಮುಂಚೆ ನೆನಪಿನ ಅಧ್ಯಯನವೆಂದರೆ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಹಾಕಿಕೊಟ್ಟ ದಾರಿ: ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರುಹೊಡೆದು ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂದು ಎಣಿಸುವುದು. ಬಾರ್ಟ್‌ಲೆಟ್ ಅದರ ಬದಲು ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲಿಷ್ ಓದುಗರ ಕೈಗೆ ಕೊಟ್ಟು, ದಿನಗಳು, ತಿಂಗಳುಗಳು ಕಳೆದಂತೆ ಮತ್ತೆ ಮತ್ತೆ ಬರೆಯಿಸಿದರು. ಕಥೆ ಬರಿದೆ ಸಣ್ಣದಾಗಲಿಲ್ಲ, ಇಂಗ್ಲಿಷ್ ಆಯಿತು. ಮರದ ಓಡ ಸಾಮಾನ್ಯ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು, ಓದುಗರಿಗೆ ಅರ್ಥವಾಗದ ದೆವ್ವಗಳು ಕಥೆಯಿಂದ ಜಾರಿಹೋದವು, ಬಿಟ್ಟಲ್ಲೆಲ್ಲ ಕಾರಣಗಳು ತುಂಬಿಕೊಂಡವು. ಜಗತ್ತು ಹೀಗಿರುತ್ತದೆ ಎಂಬ ಒಂದು ಅಚ್ಚು ಪ್ರತಿಯೊಬ್ಬರಲ್ಲೂ ಮೊದಲೇ ಇರುತ್ತದೆ, ನೆನೆಯುವಾಗ ಉಳಿದ ಚೂರುಪಾರುಗಳನ್ನು ಆ ಅಚ್ಚಿನಲ್ಲಿಟ್ಟು ಹೊಸದಾಗಿ ಕಟ್ಟುತ್ತೇವೆ ಎಂಬುದು ಅವರ ತೀರ್ಮಾನ. ಅವರ ಪ್ರಯೋಗದ ಕ್ರಮ ಇಂದಿನ ಅಳತೆಗೆ ಸಡಿಲವೇ. ಆದರೆ ನೆನಪಿನಲ್ಲಿ ಎಷ್ಟು ತಪ್ಪಿದೆ ಎಂದು ಎಣಿಸುವುದಕ್ಕಿಂತ ತಪ್ಪು ಯಾವ ದಿಕ್ಕಿಗೆ ವಾಲುತ್ತದೆ ಎಂದು ನೋಡುವುದು ಹೆಚ್ಚು ಫಲಕಾರಿ ಎಂಬ ಅವರ ಒಳನೋಟ ಇಂದಿಗೂ ಈ ಕ್ಷೇತ್ರದ ಬಂಡವಾಳ.

ಈ ವಾಲುವಿಕೆಯನ್ನು ತೀರ ಸರಳವಾಗಿ ತೋರಿಸಿದ್ದು ಪದಪಟ್ಟಿಯ ಪ್ರಯೋಗ. 1959ರಲ್ಲಿ ಜೇಮ್ಸ್ ಡೀಸ್ ಮಾಡಿ, ಬಹುಮಟ್ಟಿಗೆ ಮರೆತುಹೋಗಿದ್ದ ಅದನ್ನು 1995ರಲ್ಲಿ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ ಮೇಲೆತ್ತಿದರು. ಹಾಸಿಗೆ, ವಿಶ್ರಾಂತಿ, ಎಚ್ಚರ, ದಣಿವು, ಕನಸು, ಕಂಬಳಿ, ತೂಕಡಿಕೆ, ಗೊರಕೆ, ಆಕಳಿಕೆ, ಹೀಗೆ ಹದಿನೈದು ಪದಗಳನ್ನು ಓದಿಹೇಳುತ್ತಾರೆ. ಇವೆಲ್ಲ ಸುತ್ತುವರಿದಿರುವ ‘ನಿದ್ದೆ’ ಎಂಬ ಪದ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಕೇಳಿದ ಪದಗಳನ್ನು ಬರೆಯಿರಿ ಎಂದಾಗ, ಅವರ ಎರಡನೆಯ ಪ್ರಯೋಗದಲ್ಲಿ, ಹೇಳದೆ ಬಿಟ್ಟ ಇಂಥ ಪದಗಳು ಶೇ. 55ರಷ್ಟು ಸಲ ಬರಹದಲ್ಲಿ ಕಾಣಿಸಿಕೊಂಡವು. ಇಂಥ ಪ್ರಯೋಗಗಳಲ್ಲಿ ಆ ಪದ ಹೇಳಿದ ದನಿಯೇ ನೆನಪಿದೆ ಎಂದವರೂ ಇದ್ದಾರೆ. ಹೀಗೊಂದು ಬಲೆಯಿದೆ ಎಂದು ಮೊದಲೇ ಎಚ್ಚರಿಸಿದರೆ ತಪ್ಪು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಹೆಚ್ಚು ಗಮನಿಸಬೇಕಾದದ್ದು ಯಾರು ಇದಕ್ಕೆ ಕಡಿಮೆ ಬೀಳುತ್ತಾರೆ ಎಂಬುದು. ಚಿಕ್ಕ ಮಕ್ಕಳು ದೊಡ್ಡವರಿಗಿಂತ ಕಡಿಮೆ ಬೀಳುತ್ತಾರೆ. ಮಿದುಳಿಗೆ ಪೆಟ್ಟಾಗಿ ಹೊಸ ನೆನಪುಗಳನ್ನು ಕೂಡಿಡಲಾರದ ರೋಗಿಗಳಲ್ಲಿಯೂ, ಡೇನಿಯಲ್ ಶ್ಯಾಕ್ಟರ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದಂತೆ, ಈ ತಪ್ಪು ಆರೋಗ್ಯವಂತರಿಗಿಂತ ಕಡಿಮೆ. ಹುಸಿ ನೆನಪು ದುರ್ಬಲ ನೆನಪಿನ ಲಕ್ಷಣವಾಗಿದ್ದರೆ ಫಲ ಇದಕ್ಕೆ ವಿರುದ್ಧವಾಗಿ ಬರಬೇಕಿತ್ತು. ಕೇಳಿದ ಮಾತುಗಳ ಹಿಂದಿನ ಒಟ್ಟು ಅರ್ಥವನ್ನು ಹಿಡಿಯಬಲ್ಲವನೇ ಆ ಅರ್ಥಕ್ಕೆ ಸೇರಿದ, ಆದರೆ ಕೇಳದ ಮಾತನ್ನೂ ಕೇಳಿದೆನೆನ್ನುವುದು. ಚಾರ್ಲ್ಸ್ ಬ್ರೇನರ್ಡ್ ಮತ್ತು ವ್ಯಾಲರಿ ರೇನಾ ಇದನ್ನೇ ಸಿದ್ಧಾಂತವಾಗಿಸಿದರು: ಅನುಭವದ ಅಕ್ಷರಶಃ ಗುರುತು ಒಂದು, ಅದರ ಸಾರ ಇನ್ನೊಂದು, ಎರಡೂ ಬೇರೆಬೇರೆಯಾಗಿ ಉಳಿಯುತ್ತವೆ. ಮೊದಲನೆಯದು ಬೇಗ ಮಾಸುತ್ತದೆ, ಸಾರ ಬಹುಕಾಲ ಬಾಳುತ್ತದೆ. ಯಾವ ಹೊಳೆಯಲ್ಲಿ ಸುಳಿಯಿದೆ, ಯಾರ ಮಾತು ನೆಚ್ಚುವಂತಿಲ್ಲ ಎಂದು ತಿಳಿದಿರಲು ಸಾರ ಸಾಕು. ಅಕ್ಷರಶಃ ವಿವರ ಬೇಕಾಗುವುದು ನ್ಯಾಯಾಲಯದಂಥ ಕೆಲವೇ ಕಡೆ.

ಸಾರದ ಜೊತೆಗೆ ಸೇರುವ ಇನ್ನೊಂದು ತೊಡಕು ಮೂಲದ್ದು. ಕಂಡದ್ದು, ಕೇಳಿದ್ದು, ಓದಿದ್ದು, ಕಲ್ಪಿಸಿಕೊಂಡದ್ದು, ಇವುಗಳಿಗೆ ಮನಸ್ಸು ಬೇರೆಬೇರೆ ಚೀಟಿ ಅಂಟಿಸಿ ಇಡುವುದಿಲ್ಲ. ಮಾರ್ಸಿಯಾ ಜಾನ್ಸನ್ ಮತ್ತು ಸಂಗಡಿಗರು 1993ರಲ್ಲಿ ವಿವರಿಸಿದ ಪ್ರಕಾರ, ನೆನಪು ಎಲ್ಲಿಂದ ಬಂತು ಎಂಬುದನ್ನು ಆ ಹೊತ್ತಿಗೆ ಅದರ ಗುಣಗಳಿಂದ ಊಹಿಸುತ್ತೇವೆ. ಬಣ್ಣ, ದನಿ, ಜಾಗ, ಭಾವ ದಟ್ಟವಾಗಿದ್ದರೆ ಕಂಡದ್ದೆನ್ನುತ್ತೇವೆ. ಯೋಚಿಸಿದ ಪ್ರಯಾಸದ ಗುರುತು ಉಳಿದಿದ್ದರೆ ಕಲ್ಪನೆ ಎನ್ನುತ್ತೇವೆ. ಊಹೆ ಹೆಚ್ಚಾಗಿ ಸರಿಹೋಗುತ್ತದೆ. ಆದರೆ ಒಂದು ಕಲ್ಪನೆಯನ್ನು ಪದೇ ಪದೇ ಮಾಡಿಕೊಂಡರೆ ಅದೂ ದಟ್ಟವಾಗುತ್ತದೆ, ಆಗ ಊಹೆ ಎಡವುತ್ತದೆ. ಬಾಲ್ಯದಲ್ಲಿ ಕೈಯಿಂದ ಕಿಟಕಿಯ ಗಾಜು ಒಡೆದದ್ದನ್ನು ಸುಮ್ಮನೆ ಒಂದು ಸಲ ಕಲ್ಪಿಸಿಕೊಂಡವರಲ್ಲಿ ಅದು ನಿಜವಾಗಿ ನಡೆದಿರಬಹುದೆಂಬ ನಂಬಿಕೆ ಹೆಚ್ಚುವುದನ್ನು ಮರಿಯಾನ್ ಗ್ಯಾರಿ ಮತ್ತು ಇತರರು 1996ರಲ್ಲಿ ಕಂಡರು. ನರವಿಜ್ಞಾನವೂ ಇದಕ್ಕೆ ಒತ್ತಾಸೆಯಾಗಿದೆ. ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಹಾಳಾದವರಿಗೆ ಕಳೆದದ್ದನ್ನು ನೆನೆಯುವುದಷ್ಟೇ ಅಲ್ಲ, ಹೊಸ ದೃಶ್ಯವನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ನೆನೆಯುವುದಕ್ಕೂ ಕಲ್ಪಿಸುವುದಕ್ಕೂ ಒಂದೇ ಸಾಧನ ಬಳಕೆಯಾಗುತ್ತದೆಂದ ಮೇಲೆ ಎರಡೂ ಆಗಾಗ ಬೆರೆಯುವುದರಲ್ಲಿ ಆಶ್ಚರ್ಯವಿಲ್ಲ.

ಹೊರಗಿನವರ ಮಾತು ಈ ಬೆರಕೆಗೆ ಹೇಗೆ ಸಾಮಗ್ರಿ ಒದಗಿಸುತ್ತದೆ ಎಂಬುದನ್ನು ಎಲಿಜಬೆತ್ ಲಾಫ್ಟಸ್ ಜೀವಮಾನದ ಕೆಲಸವಾಗಿಸಿಕೊಂಡರು. 1974ರಲ್ಲಿ ಅವರೂ ಜಾನ್ ಪಾಮರ್ ಅವರೂ ಕಾರು ಅಪಘಾತಗಳ ಚಿತ್ರತುಣುಕುಗಳನ್ನು ತೋರಿಸಿ ಕಾರುಗಳ ವೇಗವೆಷ್ಟಿತ್ತೆಂದು ಕೇಳಿದರು. ಒಂದು ಗುಂಪಿಗೆ ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಂದು ಪ್ರಶ್ನೆ, ಇನ್ನೊಂದಕ್ಕೆ ‘ತಾಗಿದಾಗ’ ಎಂದು. ಮೊದಲ ಗುಂಪಿನ ಸರಾಸರಿ ಅಂದಾಜು ಗಂಟೆಗೆ ಸುಮಾರು 40 ಮೈಲಿ, ಎರಡನೆಯದರದ್ದು ಸುಮಾರು 32. ಮುಂದಿನ ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ಕೇಳಿದಾಗ ‘ಅಪ್ಪಳಿಸಿದ’ ಪ್ರಶ್ನೆ ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ 16 ಜನ ಹೌದೆಂದರು. ವೇಗದ ಪ್ರಶ್ನೆಯನ್ನೇ ಎದುರಿಸದಿದ್ದ 50 ಮಂದಿಯಲ್ಲಿ ಹಾಗೆಂದವರು ಆರೇ ಜನ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಇದಕ್ಕೆ ಬಂದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು 1985ರಲ್ಲಿ ಮೈಕೆಲ್ ಮೆಕ್‌ಕ್ಲಾಸ್ಕಿ ಮತ್ತು ಮರಿಯಾ ಝಾರಗೋಝಾ ಎತ್ತಿದ್ದು. ಸುತ್ತಿಗೆ ಕಂಡವನಿಗೆ ಆಮೇಲೆ ಸ್ಕ್ರೂಡ್ರೈವರ್ ಎಂದು ಹೇಳಿ, ಕಂಡದ್ದು ಸುತ್ತಿಗೆಯೋ ಸ್ಕ್ರೂಡ್ರೈವರೋ ಎಂದು ಕೇಳಿದರೆ ಅವನು ತಪ್ಪುತ್ತಾನೆ, ನಿಜ. ಆದರೆ ಸುತ್ತಿಗೆಯೋ ಸ್ಪ್ಯಾನರೋ ಎಂದು ಕೇಳಿದರೆ ಉಳಿದವರಷ್ಟೇ ಸರಿಯಾಗಿ ಸುತ್ತಿಗೆ ಎನ್ನುತ್ತಾನೆ. ಅಂದರೆ ಮೂಲ ನೆನಪು ಅಳಿಸಿಲ್ಲ. ಪ್ರಯೋಗ ಮಾಡುವವರು ಹೇಳಿದ್ದರಿಂದ ಅದೇ ಸರಿಯಿರಬೇಕೆಂದು ಒಪ್ಪಿಕೊಂಡಿದ್ದಾನೆ, ಅಷ್ಟೆ. ಈ ತಿದ್ದುಪಡಿ ಬೇಕಾಗಿತ್ತು. ಹಳೆಯ ನೆನಪು ಪೂರ್ತಿ ಅಳಿಸಿಹೋಗುತ್ತದೆ ಎಂಬ ವಾದ ಅಲ್ಲಿಂದಾಚೆಗೆ ಮೊದಲಿನ ಬಿಗಿಯಲ್ಲಿ ಉಳಿಯಲಿಲ್ಲ. ಆದರೂ ಎಲ್ಲವೂ ಬರಿಯ ಒಪ್ಪಿಗೆಯಲ್ಲವೆಂದು ಸ್ಟೀಫನ್ ಲಿಂಡ್ಸೆ 1990ರಲ್ಲಿ ತೋರಿಸಿದರು. ಆಮೇಲೆ ಕೇಳಿದ ವರ್ಣನೆಯಲ್ಲಿದ್ದ ಯಾವುದೂ ಸರಿಯುತ್ತರವಲ್ಲ, ಅದನ್ನು ಬರೆಯಬೇಡಿ ಎಂದು ನೇರವಾಗಿ ಹೇಳಿದರೂ, ಮೂಲವನ್ನು ಬೇರ್ಪಡಿಸುವುದು ಕಷ್ಟವಾಗಿದ್ದ ಸನ್ನಿವೇಶದಲ್ಲಿ, ಜನ ಅದನ್ನೇ ಕಂಡದ್ದೆಂದು ಬರೆದರು. ಮೆಚ್ಚಿಸುವ ಆಸೆಯಿಂದ ಬರೆದಿದ್ದರೆ ಅವರು ಅದನ್ನು ಬಿಡಬೇಕಿತ್ತು.

ವಿವರ ಬದಲಾಗುವುದು ಸರಿ, ಇಡೀ ಘಟನೆಯನ್ನೇ ನೆಡಬಹುದೆ? 1995ರಲ್ಲಿ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 24 ಜನರಿಗೆ ಅವರ ಮನೆಯವರಿಂದ ತಿಳಿದ ಬಾಲ್ಯದ ಮೂರು ನಿಜ ಘಟನೆಗಳ ಜೊತೆಗೆ ಒಂದು ಕಟ್ಟುಕಥೆಯನ್ನೂ ಕೊಟ್ಟರು: ಐದು ವರ್ಷದ ಆಸುಪಾಸಿನಲ್ಲಿ ಮಾಲ್‌ನಲ್ಲಿ ಕಳೆದುಹೋಗಿ ಅಳುತ್ತಿದ್ದಿರಿ, ವಯಸ್ಸಾದವರೊಬ್ಬರು ಸಂತೈಸಿ ಮನೆಯವರಿಗೆ ಒಪ್ಪಿಸಿದರು. ಕೊನೆಗೆ ನಾಲ್ಕರಲ್ಲಿ ಒಬ್ಬರು ಅದನ್ನು ಪೂರ್ತಿಯಾಗಿಯೋ ಭಾಗಶಃವೋ ‘ನೆನೆದರು’. 2002ರಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು ಬಾಲ್ಯದ ಫೋಟೊವನ್ನು ಬಿಸಿಗಾಳಿ ಬಲೂನಿನ ಬುಟ್ಟಿಯೊಳಗೆ ಕೂಡಿಸಿದ ನಕಲಿ ಚಿತ್ರ ತೋರಿಸಿದಾಗ 20 ಮಂದಿಯಲ್ಲಿ ಅರ್ಧದಷ್ಟು ಜನ ಮೂರು ಸಂದರ್ಶನಗಳ ಕೊನೆಗೆ ಆ ಹಾರಾಟವನ್ನು ಬಣ್ಣಿಸಿದರು. ಮಾಲ್‌ನಲ್ಲಿ ಕಳೆದುಹೋಗುವುದು ಎಲ್ಲ ಮಕ್ಕಳಿಗೂ ಆಗುವಂಥದ್ದು, ಇದರಿಂದ ದೊಡ್ಡ ತೀರ್ಮಾನ ಹೊರಡದು ಎಂಬ ಆಕ್ಷೇಪ ಬಂತು. ಕ್ಯಾಥಿ ಪೆಜ್ಡೆಕ್ 1997ರಲ್ಲಿ ಪರೀಕ್ಷಿಸಿದಾಗ 20 ಜನರಲ್ಲಿ ಮೂವರು ಕಳೆದುಹೋದದ್ದನ್ನು ನೆನೆದರು, ಎನಿಮಾ ಕೊಡಿಸಿಕೊಂಡ ಕಟ್ಟುಕಥೆಯನ್ನು ಒಬ್ಬರೂ ನೆನೆಯಲಿಲ್ಲ. ಮನಸ್ಸಿನ ಅಚ್ಚಿಗೆ ಹೊಂದದ್ದು ಸುಲಭವಾಗಿ ಬೇರೂರುವುದಿಲ್ಲ ಎಂಬುದು ಇದರ ಅರ್ಥ. ಬಾರ್ಟ್‌ಲೆಟ್ಟರ ವಾದಕ್ಕೆ ಇದು ಪುಷ್ಟಿಯೇ ಹೊರತು ಪ್ರತಿವಾದವಲ್ಲ. ಅಂಕಿಗಳ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ತಾವು ಮಾಡದ ಅಪರಾಧವನ್ನು ಶೇ. 70 ಮಂದಿ ನೆನೆದರೆಂದು ಜೂಲಿಯಾ ಶಾ ಮತ್ತು ಸ್ಟೀಫನ್ ಪೋರ್ಟರ್ 2015ರಲ್ಲಿ ವರದಿ ಮಾಡಿದಾಗ ಪತ್ರಿಕೆಗಳಿಗೆ ಹಬ್ಬವಾಯಿತು. ಅದೇ ದಾಖಲೆಗಳನ್ನು ವೇಡ್, ಗ್ಯಾರಿ, ಪೆಜ್ಡೆಕ್ 2018ರಲ್ಲಿ ಮರುಪರಿಶೀಲಿಸಿ, ಬರಿಯ ನಂಬಿಕೆಯನ್ನೂ ನೆನಪನ್ನೂ ಬೇರ್ಪಡಿಸಿದಾಗ ಉಳಿದದ್ದು ಶೇ. 26ರಿಂದ 30. ಎಂಟು ಅಧ್ಯಯನಗಳ 423 ವರದಿಗಳನ್ನು ಒಂದೇ ಅಳತೆಗೋಲಿನಿಂದ ಅಳೆದ ಆ್ಯಲನ್ ಸ್ಕಬೋರಿಯಾ ಅವರ 2017ರ ಪರಿಶೀಲನೆಯಲ್ಲೂ ಸುಮಾರು ಶೇ. 30 ಬಂದಿತ್ತು. ಬಹುಸಂಖ್ಯಾತರು ಮಣಿಯುವುದಿಲ್ಲ ಎಂಬುದನ್ನು ಮರೆಯಬಾರದು. ಕೆಲವೇ ಸಂದರ್ಶನಗಳಲ್ಲಿ ಮೂವರಲ್ಲಿ ಒಬ್ಬರ ಹತ್ತಿರಕ್ಕೆ ಬರುವುದೂ ಸಣ್ಣ ಮಾತಲ್ಲ.

ಮಾಲು, ಬಲೂನುಗಳೆಲ್ಲ ಕ್ಷುಲ್ಲಕ, ಮನಸ್ಸನ್ನು ಅಲುಗಿಸಿದ ಘಟನೆ ಮಾತ್ರ ಕಲ್ಲಿನಲ್ಲಿ ಕೊರೆದಂತೆ ಉಳಿಯುತ್ತದೆ ಎನ್ನುವವರಿಗೆ ಉತ್ತರ ಚಾಲೆಂಜರ್ ದುರಂತದಿಂದ ಸಿಕ್ಕಿತು. 1986ರ ಜನವರಿ 28ರಂದು ಆ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಬೆಳಿಗ್ಗೆ ಉಲ್ರಿಕ್ ನೈಸರ್ ಎಮರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ, ಯಾರಿಂದ, ಹೇಗೆ ತಿಳಿಯಿತೆಂದು ಬರೆಯಿಸಿಕೊಂಡರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದು ನಿಕೋಲ್ ಹಾರ್ಶ್ ಜೊತೆಗೂಡಿ 44 ಮಂದಿಗೆ ಅದೇ ಪ್ರಶ್ನೆ ಕೇಳಿದರು. ಕಾಲುಭಾಗದಷ್ಟು ಜನರ ಉತ್ತರ ಮುಖ್ಯ ವಿವರಗಳಲ್ಲಿ ಒಂದೂ ತಾಳೆಯಾಗದಂತಿತ್ತು, ಅವರ ಆತ್ಮವಿಶ್ವಾಸಕ್ಕೇನೂ ಕೊರತೆ ಇರಲಿಲ್ಲ. ಅವರದೇ ಕೈಬರಹದ ಹಾಳೆ ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ. ನೌಕೆ ಸಿಡಿದದ್ದನ್ನು ಯಾರೂ ಮರೆತಿರಲಿಲ್ಲ ಎಂಬುದನ್ನೂ ಹೇಳಬೇಕು: ಸಾರ ಉಳಿದಿತ್ತು, ಸಂದರ್ಭ ಬದಲಾಗಿತ್ತು. ದಶಕಗಳ ಹಿಂದಿನ ಯಾವ ದಿನ ಏನಾಯಿತೆಂದು ಥಟ್ಟನೆ ಹೇಳಬಲ್ಲ ಅಪರೂಪದ ವ್ಯಕ್ತಿಗಳನ್ನು ಲಾರೆನ್ಸ್ ಪಟೀಹಿಸ್ ಮತ್ತು ಇತರರು 2013ರಲ್ಲಿ ಪರೀಕ್ಷಿಸಿದಾಗ ಪದಪಟ್ಟಿಗೂ ತಪ್ಪು ಮಾಹಿತಿಗೂ ಅವರು ಸಾಮಾನ್ಯರಂತೆಯೇ ಬಿದ್ದರು.

ಈ ವಿಜ್ಞಾನ ತೀರ ಬಿಸಿಯೇರಿದ್ದು 1990ರ ದಶಕದ ಅಮೆರಿಕದಲ್ಲಿ. ಮನಶ್ಚಿಕಿತ್ಸೆಗೆ ಹೋದ ಕೆಲವರು ಸಂಮೋಹನ, ಕಲ್ಪನಾ ಅಭ್ಯಾಸಗಳ ಬಳಿಕ, ಬಾಲ್ಯದಲ್ಲಿ ಮನೆಯವರಿಂದಲೇ ಲೈಂಗಿಕ ದೌರ್ಜನ್ಯ ನಡೆದಿತ್ತೆಂದು ಹೊಸದಾಗಿ ನೆನೆಯತೊಡಗಿದರು. ದಮನಗೊಂಡ ನೆನಪು ಮೇಲೆದ್ದಿದೆ ಎಂದು ಒಂದು ಪಕ್ಷ, ಚಿಕಿತ್ಸಕರೇ ನೆಟ್ಟದ್ದೆಂದು ಇನ್ನೊಂದು ಪಕ್ಷ. ಹುಸಿ ನೆನಪಿನ ಸಂಶೋಧನೆ ಅಪರಾಧಿಗಳಿಗೆ ಗುರಾಣಿಯಾಗುತ್ತದೆ ಎಂಬ ಆಕ್ಷೇಪ ಹುಟ್ಟಿದ್ದು ಇಲ್ಲಿ, ಅದನ್ನು ತಳ್ಳಿಹಾಕುವಂತಿಲ್ಲ. ಲಿಂಡಾ ವಿಲಿಯಮ್ಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನೇಳು ವರ್ಷ ಹಿಂದೆ ಆಸ್ಪತ್ರೆಯಲ್ಲಿ ದೌರ್ಜನ್ಯ ದಾಖಲಾಗಿದ್ದ 129 ಮಹಿಳೆಯರಲ್ಲಿ ಶೇ. 38ರಷ್ಟು ಜನ ಸಂದರ್ಶನದಲ್ಲಿ ಅದನ್ನು ಹೇಳಲಿಲ್ಲ. ಅವರು ಮರೆತಿದ್ದರೋ ಹೇಳಲು ಇಷ್ಟಪಡಲಿಲ್ಲವೋ ಎಂಬುದು ಬೇರೆ ಪ್ರಶ್ನೆ. ನಿಜವಾದ ದೌರ್ಜನ್ಯ ಬಹುಕಾಲ ಮಾತಿಗೆ ಬಾರದೆ ಇರಬಹುದೆಂಬುದು ಸ್ಪಷ್ಟ. ಹುಸಿ ನೆನಪು ಸಾಧ್ಯ ಎಂಬುದರಿಂದ ಈ ನೆನಪು ಹುಸಿ ಎಂಬ ತೀರ್ಮಾನ ಹೊರಡುವುದಿಲ್ಲ. ಇಲ್ಲಿ ನೋಡಬೇಕಾದದ್ದು ನೆನಪಿನ ವಸ್ತುವನ್ನಲ್ಲ, ಅದು ಬಂದ ದಾರಿಯನ್ನು. ತಾನಾಗಿ ನೆನಪಾಗಿ ಹೇಳಿದ್ದಕ್ಕೂ, ತಿಂಗಳುಗಟ್ಟಲೆ ಸಂಮೋಹನದಲ್ಲಿ ಕೆದಕಿಸಿಕೊಂಡು ಹೇಳಿದ್ದಕ್ಕೂ ಒಂದೇ ಬೆಲೆ ಕಟ್ಟಲಾಗದು.

ದಾರಿಯ ಮಹತ್ವ ಮಕ್ಕಳಲ್ಲಿ ಇನ್ನೂ ನಿಚ್ಚಳ. ಪದಪಟ್ಟಿಗೆ ಕಡಿಮೆ ಬೀಳುವ ಮಕ್ಕಳು ದೊಡ್ಡವರು ಒತ್ತಿ ಒತ್ತಿ ಕೇಳುವ ಪ್ರಶ್ನೆಗೆ ಬೀಳುತ್ತಾರೆ. ಬೆರಳು ಇಲಿಬೋನಿಗೆ ಸಿಕ್ಕಿ ಆಸ್ಪತ್ರೆಗೆ ಹೋದದ್ದು ನೆನಪಿದೆಯಾ ಎಂದು ಸ್ಟೀಫನ್ ಸೀಸಿ ಅವರ ತಂಡ ವಾರಗಟ್ಟಲೆ ಕೇಳಿದಾಗ, ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂಥ ಒಂದಲ್ಲ ಒಂದು ಕಲ್ಪಿತ ಘಟನೆಯನ್ನು ವಿವರವಾಗಿ ಹೇಳತೊಡಗಿದರು. ವೀಡಿಯೊ ನೋಡಿದ ತಜ್ಞರಿಗೂ ಯಾವುದು ನಿಜ, ಯಾವುದು ಹುಸಿ ಎಂದು ಬೇರ್ಪಡಿಸಲಾಗಲಿಲ್ಲ. ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣದಲ್ಲಿ ನೂರಾರು ಮಕ್ಕಳನ್ನು ಇಂಥದೇ ಪ್ರಶ್ನೆಗಳಿಂದ ವಿಚಾರಿಸಲಾಗಿತ್ತು. 1983ರಲ್ಲಿ ಆರೋಪದಿಂದ ಶುರುವಾದ ಅದು 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯ ಪಕ್ಕದಲ್ಲಿ ನ್ಯಾಯಾಲಯಗಳ ಅನುಭವವನ್ನು ಇಟ್ಟು ನೋಡಬಹುದು. ಅಮೆರಿಕದಲ್ಲಿ 1989ರಿಂದ 2020ರವರೆಗೆ ಡಿಎನ್‌ಎ ಪರೀಕ್ಷೆಯಿಂದ ನಿರ್ದೋಷಿಗಳೆಂದು ಹೊರಬಂದ 375 ಮಂದಿಯಲ್ಲಿ ಸುಮಾರು ಶೇ. 69ರಷ್ಟು ಜನರ ಶಿಕ್ಷೆಯ ಹಿಂದೆ ಸಾಕ್ಷಿಗಳ ತಪ್ಪು ಗುರುತಿಸುವಿಕೆ ಇತ್ತು. ಅವರಲ್ಲಿ ಉತ್ತರ ಕ್ಯಾರೊಲಿನಾದ ರೊನಾಲ್ಡ್ ಕಾಟನ್ ಒಬ್ಬರು. 1984ರಲ್ಲಿ ಅತ್ಯಾಚಾರಕ್ಕೊಳಗಾದ ಯುವತಿ ಫೋಟೊಗಳ ನಡುವಿಂದ ಅವರನ್ನು ಆರಿಸಿದ್ದು ತಡೆದು ತಡೆದು, ಸಾಕಷ್ಟು ಹೊತ್ತು ನೋಡಿದ ಮೇಲೆ. ಪೊಲೀಸರ ಮೆಚ್ಚುಗೆಯ ಮಾತು ಸಿಕ್ಕಿತು, ಗುರುತು ಪರೇಡಿನಲ್ಲಿ ಮತ್ತೆ ಅದೇ ಮುಖ ಬಂತು, ನ್ಯಾಯಾಲಯಕ್ಕೆ ಬರುವಷ್ಟರಲ್ಲಿ ಅನುಮಾನದ ಸುಳಿವೂ ಉಳಿದಿರಲಿಲ್ಲ. ಕಾಟನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು 1995ರಲ್ಲಿ ಬಿಡುಗಡೆಯಾದರು. ‘ಸರಿಯಾದವನನ್ನೇ ಗುರುತಿಸಿದಿರಿ’ ಎಂಬ ಒಂದು ಮಾತು ಸಾಕ್ಷಿಯ ಆತ್ಮವಿಶ್ವಾಸವನ್ನಷ್ಟೇ ಅಲ್ಲ, ತಾನು ಎಷ್ಟು ಚೆನ್ನಾಗಿ ನೋಡಿದ್ದೆ ಎಂಬ ನೆನಪನ್ನೂ ಉಬ್ಬಿಸುತ್ತದೆಂದು ಗ್ಯಾರಿ ವೆಲ್ಸ್ ಮತ್ತು ಆ್ಯಮಿ ಬ್ರ್ಯಾಡ್‌ಫೀಲ್ಡ್ 1998ರಲ್ಲಿ ತೋರಿಸಿದರು. ಹಾಗಾದರೆ ಸಾಕ್ಷಿಗಳ ಖಚಿತತೆಗೆ ಬೆಲೆಯೇ ಇಲ್ಲವೆ? ಬಹುಕಾಲ ಮನೋವಿಜ್ಞಾನಿಗಳು ಇಲ್ಲವೆಂದೇ ಹೇಳುತ್ತಿದ್ದರು. ಅದು ಅತಿಯಾಯಿತೆಂದು ಜಾನ್ ವಿಕ್ಸ್‌ಟೆಡ್ ವಾದಿಸಿದರು. ಅವರೂ ವೆಲ್ಸ್ ಅವರೂ ಸೇರಿ 2017ರಲ್ಲಿ ಬರೆದ ವಿಮರ್ಶೆಯ ಪ್ರಕಾರ, ಸರಿಯಾಗಿ ನಡೆಸಿದ ಮೊದಲ ಗುರುತಿಸುವಿಕೆಯಲ್ಲಿ ಆ ಗಳಿಗೆಯಲ್ಲೇ ವ್ಯಕ್ತವಾದ ಖಚಿತತೆ ಸತ್ಯಕ್ಕೆ ಹತ್ತಿರವಾಗಿರುತ್ತದೆ, ಆಮೇಲಿನದು ಅಲ್ಲ. ಕಾಟನ್ ಪ್ರಕರಣದಲ್ಲಿ ಎಚ್ಚರಿಕೆಯ ಗಂಟೆ ಮೊದಲ ದಿನವೇ ಮೊಳಗಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಭಾರತದಲ್ಲಿ ಈ ಚರ್ಚೆಗೆ ಹತ್ತಿರದ ತೀರ್ಪು ಕರ್ನಾಟಕದಿಂದ ಹೋದ ಪ್ರಕರಣದಲ್ಲಿ ಬಂತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್‌ಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲವೆಂದು ಹೇಳಿತು. ಮುಖ್ಯ ಆಧಾರ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿ. ನೆನಪಿನ ವಿಜ್ಞಾನದ ಕಡೆಯಿಂದಲೂ ಇದೇ ತೀರ್ಮಾನಕ್ಕೆ ಬರಬಹುದಿತ್ತು. ಮಂಪರಿನಲ್ಲಿರುವ ಮನುಷ್ಯ ಪ್ರಶ್ನೆಯಲ್ಲಡಗಿದ ಸೂಚನೆಗೆ ಬೇಗ ಒಲಿಯುತ್ತಾನೆ; ಬ್ರೈನ್ ಮ್ಯಾಪಿಂಗ್ ಒಂದು ವಿವರ ಪರಿಚಿತವೆಂದು ತೋರಿಸಿದರೂ ಅದು ಕೃತ್ಯದಿಂದ ಬಂತೋ ಪತ್ರಿಕೆಯಿಂದ ಬಂತೋ ಎಂದು ಹೇಳಲಾರದು. ಇನ್ನು ಸಾಮಾನ್ಯ ಸಾಕ್ಷಿಗಳ ಮಾತು. ಉತ್ತರವನ್ನು ಒಳಗೇ ಇಟ್ಟುಕೊಂಡ ಸೂಚಕ ಪ್ರಶ್ನೆಯನ್ನು, ಎದುರು ಪಕ್ಷ ಆಕ್ಷೇಪಿಸಿದರೆ, ಮುಖ್ಯ ವಿಚಾರಣೆಯಲ್ಲಿ ನ್ಯಾಯಾಲಯದ ಅನುಮತಿಯಿಲ್ಲದೆ ಕೇಳಬಾರದೆಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತ್ತು, ಅದರ ಬದಲಿಗೆ ಬಂದ ಹೊಸ ಕಾಯಿದೆಯೂ ಹಾಗೆಯೇ ಹೇಳುತ್ತದೆ. ಆದರೆ ಆ ನಿಯಮ ಕಟಕಟೆಗೆ ಮಾತ್ರ. ಸಾಕ್ಷಿಯ ಮೊದಲ ವಿಚಾರಣೆ ನಡೆಯುವುದು ಪೊಲೀಸ್ ಠಾಣೆಯಲ್ಲಿ, ಕೆಡುವುದಿದ್ದರೆ ನೆನಪು ಕೆಡುವುದು ಅಲ್ಲೇ. ಠಾಣೆಯ ಹೇಳಿಕೆಯನ್ನು ಧ್ವನಿ ಮತ್ತು ದೃಶ್ಯ ಮುದ್ರಣ ಮಾಡಲು 2008ರ ತಿದ್ದುಪಡಿ ಅವಕಾಶ ಕೊಟ್ಟಿತು. ಶೋಧ ಮತ್ತು ಜಪ್ತಿಯ ಚಿತ್ರೀಕರಣವನ್ನು ಕಡ್ಡಾಯ ಮಾಡಿದ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಸಾಮಾನ್ಯ ಸಾಕ್ಷಿಯ ಹೇಳಿಕೆಯ ಮುದ್ರಣವನ್ನು ಮಾತ್ರ ಐಚ್ಛಿಕವಾಗಿಯೇ ಉಳಿಸಿತು. ಕೇಳಿದ ಪ್ರಶ್ನೆ ಯಾವುದು, ಸಾಕ್ಷಿ ಮೊದಲು ಹೇಳಿದ್ದೇನು ಎಂಬ ದಾಖಲೆ ಇಲ್ಲದ ಕಡೆ, ವರ್ಷಗಳ ಬಳಿಕ ಕಟಕಟೆಯಲ್ಲಿ ನಿಂತವರ ನೆನಪನ್ನು ಒರೆಗೆ ಹಚ್ಚಲು ನ್ಯಾಯಾಧೀಶರ ಬಳಿ ಏನೂ ಉಳಿದಿರುವುದಿಲ್ಲ. ಈ ಮುದ್ರಣವನ್ನೂ ಕಡ್ಡಾಯ ಮಾಡಬೇಕು.